ಭಾವನ ಗಳ

ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ, ಇಲ್ಲವೇ ಸೈಟಿಗೆ ಕಾಂಪೌಂಡು ಕಟ್ಟಿಸುತ್ತಾರೆ. ಭದ್ರಾವತಿಯ ನಮ್ಮ ಭಾವ ಎರಡನ್ನೂ ಬಿಟ್ಟು ಹಳೆಯ ಟೆಂಪೋ ಟ್ರಾವೆಲರ್ ಕೊಂಡರು. ಸೀಟು ಕೀಳಿಸಿ ಎರಡು ಮಂಚ, ಗ್ಯಾಸ್ ಒಲೆ, ಸಿಂಕು ಕೂರಿಸಿದರು. ತಲೆಯ ಮೇಲೆ ನೀರಿನ ಟ್ಯಾಂಕು, ಪಕ್ಕದಲ್ಲಿ ಸೋಲಾರ್ ಪ್ಯಾನೆಲ್ಲು. ಕಾಗದಪತ್ರಗಳಿಗೆ ಓಡಾಡಿದ ಕತೆ ಬೇಡ ಬಿಡಿ, ಅದು ಇನ್ನೊಂದು ಪ್ರಬಂಧಕ್ಕಾಗುತ್ತದೆ. ಪೇಟೆಯವರು ಇಂಥ ಗಾಡಿಯನ್ನು ಕ್ಯಾರವಾನ್ ಅನ್ನುತ್ತಾರೆ. ಅಕ್ಕ "ನಿಮ್ಮ ಭಾವನ ಎರಡನೇ ಸಂಸಾರ" ಅನ್ನುತ್ತಾಳೆ.

ಊಟಿಗೋ ಗೋವಾಕ್ಕೋ ಹೊರಟಿದ್ದಾರೆ ಅಂದುಕೊಂಡಿದ್ದೆ. ಭಾವ ಬರೆದುಕೊಂಡ ಪಟ್ಟಿಯಲ್ಲಿ ಇದ್ದದ್ದು ಬೀರೂರು, ಕೊಪ್ಪ, ತುಮರಿ, ಉಡುಪಿ. ಎಲ್ಲ ಹಳೆಯ ಕ್ವಾರ್ಟರ್ಸ್‌ನ ಅಕ್ಕಪಕ್ಕದವರ ಊರುಗಳು. 1923ರಲ್ಲಿ ಕುಲುಮೆ ಹೊತ್ತಿದ ಉಕ್ಕಿನ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ ಎಂಪಿಎಂ, ಈ ಎರಡರ ನೆರಳಿನಲ್ಲಿ ಬೆಳೆದ ಊರು ನಮ್ಮದು. ಆಗ ಭದ್ರಾವತಿ ಬಂದದ್ದನ್ನು ಯಾವ ಮ್ಯಾಪೂ ಹೇಳಬೇಕಿರಲಿಲ್ಲ. ರೈಲಿನಲ್ಲಿ ನಿದ್ದೆ ಹೊಡೆಯುತ್ತಿದ್ದವರನ್ನು ಎಂಪಿಎಂನ ವಾಸನೆಯೇ ಮೂಗು ಹಿಡಿದು ಎಬ್ಬಿಸುತ್ತಿತ್ತು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಗಾಳಿ ಶುದ್ಧವಾಯಿತು, ಬೀದಿಗಳು ಖಾಲಿಯಾದವು. ಸಾಲಾಗಿ ಕೂತು ಇಸ್ಪೀಟು ಆಡುತ್ತಿದ್ದವರು ಒಬ್ಬೊಬ್ಬರಾಗಿ ತಂತಮ್ಮ ಊರು ಸೇರಿಕೊಂಡರು. "ಅವರು ಬರಲ್ಲ ಮಾರಾಯ, ಮನೆ ಸಮೇತ ನಾನೇ ಹೋಗ್ತೀನಿ" ಅಂದರು ಭಾವ.

ದಾರಿ ಗೊತ್ತುಮಾಡುವ ಕೆಲಸ ನನ್ನ ಫೋನಿನ ಪಾಲಿಗೆ ಬಂತು. ಅದು ಕೇಳುವುದಿಷ್ಟೇ: ಕಾರೋ, ಬೈಕೋ, ಬಸ್ಸೋ, ನಡಿಗೆಯೋ? ಮನೆಯನ್ನು ಹೇರಿಕೊಂಡು ಹೊರಟವರಿಗೆ ಅಲ್ಲಿ ಗುಂಡಿ ಇಲ್ಲ. ಹೊರದೇಶಗಳಲ್ಲಿ ಇಂಥ ಗಾಡಿಯವರಿಗೆಂದೇ ಬೇರೆ ಸಾಧನ ಸಿಗುತ್ತದಂತೆ. ಎತ್ತರ, ಅಗಲ, ತೂಕ ಬರೆದುಕೊಟ್ಟರೆ ತಗ್ಗಿನ ಸೇತುವೆ, ಬಡಕಲು ಸೇತುವೆಗಳನ್ನು ತಪ್ಪಿಸಿ ಕರೆದೊಯ್ಯುತ್ತದೆ. ನಾವು ಕಾರು ಅಂತ ಸುಳ್ಳು ಹೇಳಿ ಹೊರಟೆವು.

ಶಿವಮೊಗ್ಗದ ವಿದ್ಯಾನಗರದಲ್ಲಿ ರೈಲುಹಳಿ ದಾಟಲು ದುಂಡಗೆ ಸುತ್ತುವ ಮೇಲ್ಸೇತುವೆ ಇದೆಯಲ್ಲ, ಅಲ್ಲಿ ತಮಾಷೆ ಶುರು. ನಾವು ಮೇಲೆ, ಪರದೆಯ ನೀಲಿ ಬಾಣ ಕೆಳಗೆ. "ಬಲಕ್ಕೆ ತಿರುಗಿ" ಎಂದಿತು ಹೆಣ್ಣುದನಿ. ಬಲಕ್ಕಿದ್ದದ್ದು ತಡೆಗೋಡೆ, ಅದರಾಚೆ ಆಕಾಶ. ಎಂಜಿನಿಯರಿಂಗ್ ಓದುವ ಮಗಳು ಕಾರಣ ಬಿಡಿಸಿ ಹೇಳಿದಳು. ಜಿಪಿಎಸ್ ಉಪಗ್ರಹಗಳು ಇಪ್ಪತ್ತು ಸಾವಿರ ಕಿಲೋಮೀಟರು ಮೇಲಿವೆ. ಕಡೇಪಕ್ಷ ನಾಲ್ಕರ ಸಂಕೇತ ಸಿಕ್ಕರೆ ನಮ್ಮ ಜಾಗ ಲೆಕ್ಕಕ್ಕೆ ಸಿಗುತ್ತದೆ. ಪೂರ್ವ ಪಶ್ಚಿಮ ಎರಡೂ ಕಡೆ ಸಾಕ್ಷಿಗಳಿರುವುದರಿಂದ ಆ ಲೆಕ್ಕ ಸರಿ ಬರುತ್ತದೆ. ಎತ್ತರಕ್ಕೆ ಮಾತ್ರ ಸಾಕ್ಷಿಗಳೆಲ್ಲ ತಲೆಯ ಮೇಲೆಯೇ, ಕಾಲಡಿ ಯಾರೂ ಇಲ್ಲ, ಭೂಮಿ ಅಡ್ಡ. ಹಾಗಾಗಿ ಮೇಲು ಕೆಳಗಿನ ತಪ್ಪು ಹೆಚ್ಚು. "ಅಂದ್ರೆ ಅದಕ್ಕೆ ಸೇತುವೆಯ ಎತ್ತರಾನೂ ಗೊತ್ತಿಲ್ಲ, ನನ್ನ ಗಾಡಿ ಎತ್ತರಾನೂ ಗೊತ್ತಿಲ್ಲ" ಎಂದರು ಭಾವ. ಮನೆಗೆ ಬಂದವರೇ ಹಿತ್ತಿಲಿನಿಂದ ಬಿದಿರು ಗಳವೊಂದನ್ನು ಕಡಿದರು.

ಟೇಪು ಹಿಡಿದು ಅಳೆದರೆ ಟ್ಯಾಂಕಿನ ತಲೆ ಹತ್ತು ಅಡಿ ಎರಡು ಇಂಚು. ಅಲ್ಲಿಗೆ ಕೆಂಪು ಬಣ್ಣದ ಗೆರೆ, ಮೇಲೆ ಒಂದು ಗೇಣು ಬಿಟ್ಟು ಬಿಳಿ ಗೆರೆ. ಜೀವಮಾನವಿಡೀ ಉಕ್ಕು ಅಳೆದ ಕೈ. ಗೆರೆ ಕೂದಲೆಳೆಯಷ್ಟೂ ಓರೆಯಾಗಿರಲಿಲ್ಲ. ರೈಲ್ವೆ ಅಂಡರ್‌ಪಾಸು ಬಂದರೆ ಸಾಕು, ಗಾಡಿ ನಿಲ್ಲಿಸುವುದು, ನಾನಿಳಿದು ಗಳ ಎತ್ತಿ ಹಿಡಿದು ಆಚೆಯವರೆಗೂ ನಡೆಯುವುದು. ಎತ್ತರದ ಬೋರ್ಡು ಅಲ್ಲೇ ಇರುತ್ತದಲ್ಲ ಭಾವ ಅಂದರೆ, "ಡಾಂಬರು ಹಾಕಿದಾಗಲೆಲ್ಲ ರಸ್ತೆ ಎರಡು ಇಂಚು ಏಳುತ್ತೆ. ಬೋರ್ಡು ಏಳುತ್ತೇನೋ?" ಎಂಬ ಉತ್ತರ. ನನ್ನ ಹಿಂದೆ ಹಾರನ್ನು ಹೊಡೆಯುತ್ತಿದ್ದ ಆಟೋದವನೊಬ್ಬ ತಲೆ ಹೊರಹಾಕಿ ಕೇಳಿದ: "ಮಾವಿನಕಾಯಿ ಎಲ್ಲಿದೆ ಸಾರ್?"

ಉಡುಪಿಗೆ ಕೇಳಿದರೆ ಫೋನು ಆಗುಂಬೆ ಘಾಟಿಯನ್ನೇ ತೋರಿಸುತ್ತದೆ. ಹದಿನಾಲ್ಕು ಹೇರ್‌ಪಿನ್ ತಿರುವು, ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿಷೇಧ. ಜಿಲ್ಲಾಧಿಕಾರಿಗಳ ಆದೇಶವನ್ನು ಉಪಗ್ರಹ ಓದುವುದಿಲ್ಲ. ನಮ್ಮದು ಭಾರಿಯೋ ಹಗುರವೋ ಎಂಬ ವಾದ ಗಾಡಿಯಲ್ಲೇ ಎದ್ದಿತು. ತುಂಬಿದ ಟ್ಯಾಂಕು, ಅಕ್ಕನ ಉಪ್ಪಿನಕಾಯಿ ಭರಣಿ ಎಲ್ಲ ಸೇರಿಸಿದರೆ ಭಾರಿಯೇ ಎಂದು ತೀರ್ಮಾನಿಸಿ ಹುಲಿಕಲ್ ಘಾಟಿಯ ಕಡೆ ಇಳಿದೆವು.

ತುಮರಿಗೆ ಮಾತ್ರ ಮ್ಯಾಪು ಹೇಳಿದ ನಿಮಿಷಕ್ಕೇ ತಲುಪಿದೆವು. ಮೊದಲಾದರೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈ 14ರಿಂದ ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯಿದೆ. ಆರು ದಶಕ ಕಾದು ಆ ದಡದವರು ಪಡೆದದ್ದು. ಕಾಯುವುದರ ಸೊಗಸನ್ನು ನಮ್ಮಂಥ ನೆಂಟರು ಹೊಗಳಬಾರದು. ಭಾವನ ಗೆಳೆಯರು ಬನಿಯನ್ನಿನಲ್ಲೇ ಹೊರಬಂದರು. "ಲಾಂಚಿನ ಲೆಕ್ಕದಲ್ಲಿ ಒಲೆ ಹಚ್ಚಿದ್ದೆವು, ಅನ್ನ ಇನ್ನೂ ಆಗಿಲ್ಲ" ಎಂದರು. ಇಬ್ಬರೂ ಗಾಡಿಯ ಮೆಟ್ಟಿಲ ಮೇಲೆ ಕೂತು ಇಸ್ಪೀಟು ಕಲೆಸಿದರು. ನಾಲ್ವರ ಆಟಕ್ಕೆ ಇಬ್ಬರು ಕಡಿಮೆ. ಒಬ್ಬರು ಬೀರೂರಿನಲ್ಲಿದ್ದಾರೆ. ಇನ್ನೊಬ್ಬರ ಹೆಸರಿನ ಮುಂದೆ ಭಾವ ಊರು ಬರೆದಿರಲಿಲ್ಲ, ನಾನೂ ಕೇಳಲಿಲ್ಲ.

ಈಗ ಭಾವನ ಬಳಿ ಒಂದು ನೋಟ್‌ಬುಕ್ಕಿದೆ. ಯಾವ ಅಂಡರ್‌ಪಾಸು ಎಷ್ಟು ಅಡಿ, ಯಾವ ಬೀದಿಯಲ್ಲಿ ವೈರು ಜೋತಿದೆ, ಎಲ್ಲಿ ಹಲಸಿನ ಕೊಂಬೆ ಬಾಗಿದೆ, ಎಲ್ಲ ತಾರೀಕು ಸಮೇತ. ಶಿವಮೊಗ್ಗ, ಭದ್ರಾವತಿ ಕಡೆಗೆ ದೊಡ್ಡ ಗಾಡಿ ತರುವವರಿದ್ದರೆ ಬಂದು ನಕಲು ಮಾಡಿಕೊಳ್ಳಿ. ಗಳವನ್ನು ಮಾತ್ರ ಕೇಳಬೇಡಿ, ಅದನ್ನು ಅವರು ಯಾರಿಗೂ ಕೊಡುವುದಿಲ್ಲ.