ತುಂಡಾದ ಪ್ಲುತಸ್ವರ

ಬಾಳೆಲ್ಲ ಶಾಲೆಯ ಮಕ್ಕಳ ತಪ್ಪುಗಳನ್ನು ತಿದ್ದಿದ ನಾನು, ನಿವೃತ್ತನಾದ ಮೇಲೆ ನನ್ನದೇ ಒಂದು ತಪ್ಪನ್ನು ಪಿಯಾನೋದ ಪೆಡಲಿನಿಂದ ಕಲಿತೆನು.

ಕುಂದಾಪುರದ ನಮ್ಮ ಮನೆಯಲ್ಲಿ ಮೊಮ್ಮಗಳು ಡಿಜಿಟಲ್ ಪಿಯಾನೋ ನುಡಿಸುವಳು. ಪೆಡಲನ್ನು ಮೆಟ್ಟಿದರೆ ಬೆರಳೆತ್ತಿದ ಮೇಲೂ ಸ್ವರವು ಮುಂದುವರಿಯುವುದು. ವ್ಯಾಕರಣದ ಮಾತಿನಲ್ಲಿ, ಏಕಮಾತ್ರೆಯ ಹ್ರಸ್ವವು ತ್ರಿಮಾತ್ರೆಯ ಪ್ಲುತವಾಗುವುದು. ಕಳೆದ ಮಳೆಗಾಲದಲ್ಲಿ ಈ ಪ್ಲುತವು ನಡುನಡುವೆ ತುಂಡಾಗತೊಡಗಿತು. “ಅಜ್ಜಯ್ಯಾ, ನಾನು ಕಾಲು ತೆಗೆಯಲೇ ಇಲ್ಲ” ಎಂದು ಮಗು ಹೇಳಿದರೂ ನಂಬದೆ, ಅಜಾಗ್ರತೆಯೆಂದು ಗದರಿಸಿದೆನು. ಅವಳು ಮೂರು ದಿನ ವಾದ್ಯವನ್ನು ಮುಟ್ಟಲಿಲ್ಲ.

ನಾಲ್ಕನೆಯ ದಿನ ನಾನೇ ಮೆಟ್ಟಿ ನೋಡಿದೆನು. ನನಗೂ ಸ್ವರವು ಕಡಿಯಿತು. ಮೆಟ್ಟಿಕೊಂಡೇ ಚಾಲೂ ಮಾಡಿದರೆ ಕೆಲವು ವಾದ್ಯಗಳಲ್ಲಿ ಪೆಡಲಿನ ಕ್ರಮವೇ ತಿರುಗುಮುರುಗಾಗುವುದುಂಟು. ಆದುದರಿಂದ ಕಾಲನ್ನು ದೂರವಿಟ್ಟು ಪುನಃ ಚಾಲೂ ಮಾಡಿದೆನು. ಫಲವಿಲ್ಲ. ವಯರನ್ನು ಅಲುಗಿಸಿದರೂ ವ್ಯತ್ಯಾಸವಿಲ್ಲ. ನೆರೆಮನೆಯಿಂದ ತಂದ ಇನ್ನೊಂದು ಪೆಡಲನ್ನು ಸಿಕ್ಕಿಸಿದಾಗ ನಾದವು ಅಖಂಡವಾಗಿ ಹರಿಯಿತು. ದೋಷವು ವಾದ್ಯದಲ್ಲಿರಲಿಲ್ಲ, ಮಗುವಿನ ಕಾಲಿನಲ್ಲಿಯೂ ಇರಲಿಲ್ಲ.

ನಮ್ಮ ಪೆಡಲಿನ ತಿರುಪುಗಳನ್ನು ಬಿಚ್ಚಿದೆನು. ನಿಜವಾದ ಪಿಯಾನೋದಲ್ಲಿ ಪೆಡಲು, ನಾದವನ್ನು ತಡೆಯುವ ಉಣ್ಣೆಯ ಒತ್ತುಗಳನ್ನು ತಂತಿಗಳಿಂದ ಮೇಲೆತ್ತುವುದು. ಇಲ್ಲಿಯಾದರೋ ಎರಡು ಲೋಹದ ಪಟ್ಟಿಗಳು ಕೂಡಿ ಅಗಲುವುದಷ್ಟೆ. ಪಂಚಗಂಗಾವಳಿಯ ಕಡೆಯ ಉಪ್ಪುಗಾಳಿಗೆ ಅವು ಹಸುರಾಗಿ ಕಿಲುಬು ಹಿಡಿದಿದ್ದುವು. ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಒಣಗಿಸಿ, ಕೂಡಿಸಿದೆನು.

“ತಪ್ಪು ನನ್ನದು, ಮಗಾ” ಎಂದೆನು. ಅವಳು ಉತ್ತರ ಕೊಡದೆ ಕುಳಿತು ನುಡಿಸಿದಳು, ಸ್ವರವು ಕಡಿಯಲಿಲ್ಲ.

ವಾಚಕರೇ, ಹೀಗೆ ಪರೀಕ್ಷಿಸದೆ ನಾನು ತರಗತಿಯಲ್ಲಿ ಗದರಿಸಿದವರು ಎಷ್ಟು ಮಂದಿಯೋ! ಅವರನ್ನು ಕರೆದು ಹೇಳಲು ಈಗ ದಾರಿಯಿಲ್ಲ.