ಚಳಿಗಾಲದ ದರ್ಬಾರು

ಡಬ್ಲ್ಯು. ಜಿ. ಗ್ರೇಸ್ ಅವರ ಗಡ್ಡ ಕ್ರಿಕೆಟ್ ಪ್ರಿಯರಿಗೆಲ್ಲ ಗೊತ್ತು. ಆ ಗಡ್ಡದ ಯಜಮಾನರು ಕ್ರಿಕೆಟ್ಟಿನಿಂದ ಮೆಲ್ಲಗೆ ಹಿಂದೆ ಸರಿಯುವ ವಯಸ್ಸಿನಲ್ಲಿ ಬೋಲ್ಸ್ ಆಟಕ್ಕೆ ಮನಸೋತು, 1903ರಲ್ಲಿ ಹುಟ್ಟಿದ ಇಂಗ್ಲಿಷ್ ಬೋಲಿಂಗ್ ಅಸೋಸಿಯೇಷನ್ನಿನ ಮೊದಲ ಅಧ್ಯಕ್ಷರಾದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನೊಳಗೆ ಕಾರ್ಪೆಟ್ ಹಾಸಿ ಚಳಿಗಾಲದಲ್ಲೂ ಆಡಬಹುದೆಂದು ತೋರಿಸಿದರು. ಮಳೆಗೆ ಆಟ ನಿಲ್ಲುವ ಸಂಕಟ ಕ್ರಿಕೆಟಿಗನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು!

ನಮ್ಮವರಲ್ಲಿ ಹೆಚ್ಚಿನವರು ಈ ಆಟವನ್ನು ಕಣ್ಣಿಟ್ಟು ನೋಡಿದ್ದು 2022ರಲ್ಲಿ, ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ಚಿನ್ನ ಗೆದ್ದಾಗ. ಅದು ಹುಲ್ಲಿನ ಮೇಲಿನ ಆಟ. ನಾನು ಇಂಗ್ಲೆಂಡಿಗೆ ಬಂದು ಕಲಿತದ್ದು ಸೂರಿನಡಿಯದು. ಎರಡರಲ್ಲೂ ಚೆಂಡಿನ ಒಂದು ಮಗ್ಗುಲಿಗೆ ವಾಲು ಇರುತ್ತದೆ. ನೇರ ಬಿಟ್ಟರೂ ವೇಗ ತಗ್ಗುತ್ತಿದ್ದಂತೆ ಬಾಗಿಕೊಂಡು ಹೋಗಿ ಜಾಕ್ ಎಂಬ ಪುಟ್ಟ ಚೆಂಡಿನ ಬಳಿ ನಿಲ್ಲಬೇಕು. ಒಳಗಿನ ಜಾಕ್ ಹೊರಗಿನದಕ್ಕಿಂತ ಭಾರ. ಕಾರ್ಪೆಟ್ಟಿನ ಮೇಲೆ ಎಲ್ಲವೂ ಸಲೀಸಾಗಿ ಉರುಳುತ್ತದಲ್ಲ, ಹಗುರಾದ ಜಾಕಿಗೆ ಚೆಂಡು ತಗುಲಿದರೆ ಅದು ಎಲ್ಲೆಲ್ಲಿಗೋ ಓಡಿಬಿಟ್ಟೀತು.

ನಮ್ಮ ಕ್ಲಬ್ಬಿನ ಹಿರಿಯರೊಬ್ಬರು ಇಂಗ್ಲಿಷ್ ಇಂಡೋರ್ ಬೋಲಿಂಗ್ ಅಸೋಸಿಯೇಷನ್ನಿನ ಕೆಲಸಕ್ಕೆ ಹೆಗಲು ಕೊಟ್ಟವರು. ಅವರ ಜೊತೆ ಚಹಾ ಕುಡಿಯುತ್ತ ಕುಡಿಯುತ್ತ ಆ ಸಂಸ್ಥೆಯ ವರ್ಷ ಹೇಗೆ ಉರುಳುತ್ತದೆಂದು ನನಗೂ ಒಂದಷ್ಟು ತಿಳಿಯಿತು. ಕಚೇರಿ ಲೆಸ್ಟರ್‌ಶೈರಿನ ಮೆಲ್ಟನ್ ಮೋಬ್ರೆಯಲ್ಲಿ. ಹಂದಿಮಾಂಸದ ಪೈಗೆ ಹೆಸರಾದ ಊರು; ನನ್ನಂಥ ಪುಳಿಚಾರಿನವನು ಅಲ್ಲಿ ಸ್ಟಿಲ್ಟನ್ ಚೀಸ್ ತಿಂದು ತೃಪ್ತಿಪಡಬೇಕು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಆಟದ ಕಾಲ. ಬೇಸಿಗೆಯಲ್ಲಿ ಆಟಗಾರರೆಲ್ಲ ಹುಲ್ಲಿಗೆ ಹೋಗಿರುವಾಗ ಕಚೇರಿಯವರು ಒಳಗೆ ಕೂತು ಅರ್ಜಿ, ಯಾರಿಗೆ ಯಾರು ಎದುರಾಳಿ ಎಂಬ ಡ್ರಾ, ನಿಯಮಪುಸ್ತಕ ಎಂದು ಮುಂದಿನ ಚಳಿಗಾಲವನ್ನು ಕಾಗದದ ಮೇಲೆ ಆಡಿ ಮುಗಿಸಿರಬೇಕು.

ಡ್ರಾ ಹೊರಬಿದ್ದ ಮೇಲೆ ನಿಜವಾದ ಪಂದ್ಯ ಶುರು. ಈ ಸುತ್ತನ್ನು ಇಂಥ ತಾರೀಕಿನೊಳಗೆ ಆಡಿ ಮುಗಿಸಿ ಎನ್ನುತ್ತದೆ ನಿಯಮ. ದಿನ ಗೊತ್ತುಮಾಡುವುದು ಆಟಗಾರರ ಪಾಡು. ಒಬ್ಬರಿಗೆ ಮಂಗಳವಾರ ಮಂಡಿ ಡಾಕ್ಟರು, ಇನ್ನೊಬ್ಬರಿಗೆ ಗುರುವಾರ ಮೊಮ್ಮಗಳನ್ನು ಶಾಲೆಯಿಂದ ಕರೆತರಬೇಕು, ಮೂರನೆಯವರು ಕತ್ತಲಾದ ಮೇಲೆ ಕಾರು ಓಡಿಸುವುದಿಲ್ಲ. ನಾಲ್ವರ ತಂಡಗಳೆರಡು ಎದುರಾದರೆ ಎಂಟು ಡೈರಿಗಳು ಒಂದೇ ಸಂಜೆಗೆ ಒಪ್ಪಬೇಕು. ನಮ್ಮಲ್ಲಿ ಮದುವೆಗೆ ಮುಹೂರ್ತ ಇಡಿಸುವ ಜೋಯಿಸರಿಗೂ ಇಷ್ಟು ಜನರ ಗ್ರಹಗತಿ ನೋಡುವ ಪ್ರಮೇಯ ಬರಲಾರದು. ಕೂಡಿಬರದಿದ್ದರೆ ದೂರು ಮೆಲ್ಟನ್ ಮೋಬ್ರೆಗೆ. ಅಲ್ಲಿಂದ ಹೋಗುವ ಉತ್ತರ ಯಾವುದೇ ಆದರೂ ಒಬ್ಬರಿಗಾದರೂ ಸಿಟ್ಟು ಬಂದೇ ಬರುತ್ತದೆ.

ನನಗೆ ತುಂಬ ಹಿಡಿಸಿದ್ದು ಡೆನ್ನಿ ಕಪ್ ಎಂಬ ಕ್ಲಬ್ಬುಗಳ ಪಂದ್ಯಾವಳಿಯ ಏರ್ಪಾಡು. ಪ್ರತಿ ಕ್ಲಬ್ಬಿನ ನಾಲ್ಕು ತಂಡಗಳ ಪೈಕಿ ಎರಡು ತಮ್ಮ ಮನೆಯಲ್ಲೇ ಆಡುತ್ತವೆ, ಎರಡು ಎದುರಾಳಿಯ ಊರಿಗೆ ಹೋಗಿ ಅದೇ ಹೊತ್ತಿಗೆ ಆಡುತ್ತವೆ. ಎರಡು ಕಡೆಯ ಅಂಕ ಕೂಡಿಸಿ ಗೆದ್ದವರಾರೆಂದು ತೀರ್ಮಾನ. ಹಾಗಾಗಿ ಪಕ್ಕದ ರಿಂಕಿನಲ್ಲಿ, ಎಂದರೆ ಆಟದ ಪಟ್ಟೆಯಲ್ಲಿ, ಚಪ್ಪಾಳೆ ಬಿದ್ದರೂ ಯಾರೂ ಕುಣಿಯುವುದಿಲ್ಲ. ಒಬ್ಬರು ಮೊಬೈಲ್ ಕಿವಿಗಿಟ್ಟು, ಕಾಗದದ ತುಂಡಿನ ಮೇಲೆ ಕೂಡುತ್ತ ಕಳೆಯುತ್ತ, ಗೆದ್ದೆವೋ ಸೋತೆವೋ ತಿಳಿಯದ ಮುಖ ಹೊತ್ತು ನಿಂತಿರುತ್ತಾರೆ. ಇಂಥದ್ದನ್ನು ಟಿವಿಯಲ್ಲಿ ತೋರಿಸಲಾಗದು. ಟಿವಿಗೆ ಬೇರೆಯದೇ ಇದೆ: ಜನವರಿಯಲ್ಲಿ ನಾರ್ಫೋಕಿನ ಹಾಪ್ಟನ್-ಆನ್-ಸೀ ಊರಿನ ಪಾಟರ್ಸ್ ರೆಸಾರ್ಟಿನಲ್ಲಿ ವಿಶ್ವ ಚಾಂಪಿಯನ್‌ಶಿಪ್. 1979ರಲ್ಲಿ ಇದರ ಮೊದಲ ಸಿಂಗಲ್ಸ್ ಪ್ರಶಸ್ತಿ ಗೆದ್ದವರು ಡೇವಿಡ್ ಬ್ರಯಂಟ್. ಬಾಯಲ್ಲಿ ಪೈಪು ಕಚ್ಚಿಕೊಂಡೇ ಆಡುತ್ತಿದ್ದ ಗಟ್ಟಿ ಆಸಾಮಿ. ಅಲ್ಲಿ ದೀಪವೂ ಕ್ಯಾಮರಾವೂ ಬೆಳಗುತ್ತಿರುವಾಗ ನಮ್ಮ ಹಿರಿಯರು ಯಾವುದೋ ಕೌಂಟಿಯ ಮುಂದೂಡಿದ ಪಂದ್ಯಕ್ಕೆ ಅಂಪೈರ್ ಹುಡುಕುತ್ತಿರುತ್ತಾರೆ.

ಹಣದ ಮಾತು ಬಂದರೆ ಅವರ ಚಹಾ ಆರಿಹೋಗುತ್ತದೆ. ಈ ಒಳಾಂಗಣ ಕ್ಲಬ್ಬುಗಳು ಚಳಿ ತಪ್ಪಿಸಿಕೊಳ್ಳಲೆಂದೇ ಕಟ್ಟಿದ ಮನೆಗಳು. ಬೆಚ್ಚಗಿಡುವುದಕ್ಕೇ ದುಡ್ಡು ಸಾಲದು. ದೊಡ್ಡ ಹಾಲ್, ಎತ್ತರದ ಸೂರು, ಹಗಲಿಡೀ ದೀಪ. 2020ರ ಮಾರ್ಚಿನಲ್ಲಿ ಕೋವಿಡ್ ಬಾಗಿಲು ಹಾಕಿಸಿತು. ಚೇತರಿಸಿಕೊಳ್ಳುವಷ್ಟರಲ್ಲಿ 2022ರಲ್ಲಿ ಕರೆಂಟು, ಗ್ಯಾಸಿನ ದರ ಆಕಾಶಕ್ಕೇರಿತು. ರಾಷ್ಟ್ರೀಯ ಸಂಸ್ಥೆ ಕ್ಲಬ್ಬುಗಳ ಬಿಲ್ಲು ಕಟ್ಟಲಾರದು, ಕಟ್ಟಡಗಳೂ ಅದರವಲ್ಲ. ಆದರೂ ಒಂದು ಕ್ಲಬ್ ಮುಚ್ಚಿದರೆ ಅಲ್ಲಿನ ಸದಸ್ಯರ ಚಂದಾ ಹೋಯಿತು, ಲೀಗಿನಲ್ಲಿ ಒಂದು ಕುರ್ಚಿ ಖಾಲಿ. ಆಡಳಿತ ಮಂಡಳಿ ಎಂಬ ಭಾರೀ ಹೆಸರಿನ ಹಿಂದೆ ಇರುವ ಅಧಿಕಾರ ನನಗಂತೂ ಕಂಡಿಲ್ಲ. ಕಂಡದ್ದೆಲ್ಲ ಪುಸಲಾಯಿಸುವ ಕೆಲಸ.

ವಸಂತದಲ್ಲಿ ರಾಷ್ಟ್ರೀಯ ಫೈನಲ್‌ಗಳು. ಹಲವು ವರ್ಷ ಅವು ನಾಟಿಂಗ್‌ಹ್ಯಾಮಿನಲ್ಲಿ ನಡೆದವು. ಇಪ್ಪತ್ತೈದರೊಳಗಿನವರಿಗೊಂದು ಸ್ಪರ್ಧೆ, ಅರವತ್ತು ದಾಟಿದವರಿಗೊಂದು. ಎರಡನೆಯದಕ್ಕೆ ಜನ ಹುಡುಕಬೇಕಾಗಿಲ್ಲ. ಹುಡುಗರು ಬರುತ್ತಾರೆ, ಚೆನ್ನಾಗಿಯೂ ಆಡುತ್ತಾರೆ, ಆದರೆ ಕಮಿಟಿಗೆ ಕೂರುವುದಿಲ್ಲ. ಕೂರದಿರುವುದೇ ಸರಿ ಎಂದು ನನ್ನ ಖಾಸಗಿ ಅಭಿಪ್ರಾಯ. ಆ ವಯಸ್ಸಿನಲ್ಲಿ ನಡಾವಳಿ ಬರೆಯುವವನನ್ನು ಕಂಡರೆ ನನಗೆ ಕೊಂಚ ಭಯ.

ಹೀಗಾಗಿ ಖಾಲಿಬಿದ್ದ ಹುದ್ದೆಗಳು ಬೇಸಿಗೆಯ ಸಭೆಯವರೆಗೂ ಖಾಲಿ. ಮೊನ್ನೆ ಹಿರಿಯರು ನನ್ನ ಪಕ್ಕ ಕೂತು, ಕೌಂಟಿಗೆ ಪಂದ್ಯಗಳ ಕಾರ್ಯದರ್ಶಿ ಬೇಕಾಗಿದ್ದಾರೆ ಎಂದರು. ನನ್ನ ಬಳಿ ಕಾರಿದೆಯೇ, ಸಂಜೆ ಹೊತ್ತು ಫೋನ್ ಎತ್ತುತ್ತೇನೆಯೇ, ಬೈಗುಳ ಕೇಳಿದರೆ ನಿದ್ದೆ ಕೆಡುತ್ತದೆಯೇ ಎಂದೆಲ್ಲ ವಿಚಾರಿಸಿದರು. ಬೋಲ್ಸ್ ಎಷ್ಟು ಬರುತ್ತದೆಂದು ಮಾತ್ರ ಕೇಳಲಿಲ್ಲ.