ಫಸಲಿ 1346

ಬೀದರ್‌ನ ಸರಕಾರಿ ಕಚೇರಿಗಳ ಆಸುಪಾಸಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದೀರಿ. ಫ್ಯಾನು ತಿರುಗುತ್ತಲೇ ಇದೆ, ಸೆಖೆ ಇಳಿಯುತ್ತಿಲ್ಲ. ಔರಾದ್ ಕಡೆಯ ರೈತರೊಬ್ಬರು ಕ್ಯಾರಿಬ್ಯಾಗಿನಿಂದ ಮಡಿಕೆಗುಂಟ ಹರಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡುತ್ತಾರೆ. ನಿಜಾಮರ ಕಾಲದ ಉರ್ದು. ತಂದೆ ತೀರಿಕೊಂಡಿದ್ದಾರೆ, ಹೊಲದ ವಾರಸಾ (ಖಾತೆ ಬದಲಾವಣೆ) ಆಗಬೇಕು.

ಅಂಗಡಿಯಲ್ಲಿ ಅರ್ಜಿ ಬರೆಯುವವರು ಮೊಬೈಲನ್ನು ರೈತರ ಮುಂದೆ ಹಿಡಿಯುತ್ತಾರೆ. 'ಹೇಳ್ರಿ, ಎಲ್ಲಾ ಹೇಳ್ರಿ.' ಔರಾದ್ ಸೀಮೆಯ ಕನ್ನಡ, ನಡುನಡುವೆ ಮರಾಠಿ. ಕೇಳಿ ಬರೆಯುವ ಮೊಬೈಲಿನ ಎಐ ಅಲ್ಲಲ್ಲಿ ಎಡವುತ್ತದೆ. ಸರ್ವೆ ನಂಬರನ್ನು ಬೆರಳಲ್ಲೇ ತಿದ್ದಬೇಕು. ಆದರೂ ನಿಮ್ಮ ಚಹಾ ಮುಗಿಯುವಷ್ಟರಲ್ಲಿ 'ಮಾನ್ಯರೇ'ಯಿಂದ 'ತಮ್ಮ ವಿಶ್ವಾಸಿ'ವರೆಗೆ ಅರ್ಜಿ ತಯಾರು. ಆಧಾರ್ ನಂಬರನ್ನು ಮಾತ್ರ ಅರ್ಜಿ ಬರೆಯುವವರು ಮೊಬೈಲಿಗೆ ಹೇಳಗೊಡುವುದಿಲ್ಲ, ಪೆನ್ನಿನಿಂದ ಬರೆಯುತ್ತಾರೆ. ಶಾಣ್ಯಾ ಮನುಷ್ಯ.

ಈಗ ಹಳೆ ಹಾಳೆಯ ಫೋಟೊ. ಅನುವಾದ ಬರುತ್ತದೆ: 'ಕ್ರಿ.ಶ. 1346.' ಅರ್ಜಿ ಬರೆಯುವವರು ನಕ್ಕುಬಿಡುತ್ತಾರೆ. ಬಹಮನಿ ರಾಜ್ಯ ಹುಟ್ಟಿದ್ದೇ 1347ರಲ್ಲಿ! ಇದು ಕಂದಾಯ ಲೆಕ್ಕದ ಫಸಲಿ ಇಸವಿ. 590 ಕೂಡಿಸಿದರೆ 1936ರ ಸುಮಾರು. 1948ರವರೆಗೆ ಈ ಸೀಮೆ ಹೈದರಾಬಾದ್ ಸಂಸ್ಥಾನದ್ದು, ದಫ್ತರದ ಭಾಷೆ ಉರ್ದು. ಹಾಳೆ ಓದಲು ಪಕ್ಕದ ಅಂಗಡಿಯ ಉರ್ದು ಬಲ್ಲ ಹಿರಿಯರು ಬರುತ್ತಾರೆ. ಗೀಚಿದಂಥ ಶಿಕಸ್ತಾ ಬರಹ, ಅರ್ಧಕ್ಕರ್ಧ ಚುಕ್ಕೆಗಳೇ ಇಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು, ಬೆರಳು ಸರಿಸುತ್ತ, ಒಂದೊಂದೇ ಹೆಸರು ಬಿಡಿಸುತ್ತಾರೆ. ಮೂರನೆಯದು ಈ ರೈತರ ಅಜ್ಜನದು.

ಅರ್ಜಿ ಬರೆಯುವವರು ಕುರ್ಚಿ ಮುಂದೆಳೆದುಕೊಳ್ಳುತ್ತಾರೆ.

'ಅಕ್ಕತಂಗ್ಯಾರು ಇದ್ದಾರೇನ್ರಿ?'

'ಒಬ್ಬಾಕಿ ಅದಾಳ್ರಿ, ಭಾಲ್ಕಿಗಿ ಕೊಟ್ಟೀವಿ. ಆಕಿ ಹೆಸರ್ಯಾಕ?'

ಹೇಳಿದ್ದನ್ನಷ್ಟೇ ಬರೆದಿದ್ದ ಎಐ ಈ ಪ್ರಶ್ನೆ ಕೇಳಿರಲಿಲ್ಲ. ಅರ್ಜಿಯ ಜೊತೆಗಿನ ವಂಶವೃಕ್ಷದಲ್ಲಿ ಮಗಳ ಹೆಸರೂ ಇರಲೇಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಕೂಡುಕುಟುಂಬದ ಆಸ್ತಿಯಲ್ಲೂ ಆಕೆಗೆ ಮಗನಷ್ಟೇ ಪಾಲು. ಇದನ್ನು ಸಾವಕಾಶವಾಗಿ ಬಿಡಿಸಿ ಹೇಳುತ್ತಾರೆ. ರೈತರ ಮುಖ ಬಿಗಿಯುತ್ತದೆ, ಏನೋ ಗೊಣಗುತ್ತಾರೆ. ಕೊನೆಗೆ ಭಾಲ್ಕಿಗೆ ಫೋನು ಹೋಗುತ್ತದೆ. ಮೊದಲು ಕೀಲಿಮಣೆ ಕುಟ್ಟುವುದರಲ್ಲೇ ಹೊತ್ತು ಹೋಗುತ್ತಿತ್ತು, ಇಂಥ ಮಾತಿಗೆ ಪುರಸೊತ್ತೆಲ್ಲಿ? ದುಡ್ಡು ಹುಟ್ಟುವುದು ಅರ್ಜಿಯಿಂದ. ಆದರೆ ನಾಳೆ ಅಣ್ಣತಂಗಿಯರ ಕೋರ್ಟು ಕಚೇರಿ ತಪ್ಪಿಸುವುದು ಈ ಮಾತು. ಎಐಯಿಂದ ಉಳಿದ ವೇಳೆಗೆ ಇದಕ್ಕಿಂತ ಒಳ್ಳೆ ಖರ್ಚು ನನಗಂತೂ ಕಾಣುವುದಿಲ್ಲ.

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥ ಹಾಳೆ ಇದ್ದರೆ ಮೊಬೈಲಿಗೆ ಧಾರಾಳವಾಗಿ ತೋರಿಸಿ. ಸಹಿ ಹಾಕುವ ಮುನ್ನ ಉರ್ದು ಬಲ್ಲ ಹಿರಿಯರೊಬ್ಬರಿಗೂ ತೋರಿಸಿ.